ನೇಪಾಳದ ರಾಜಕಥೆಗಳು ಮತ್ತು ರಾಜನಿಷೇಧಗಳು: ಅರಸೊತ್ತಿಗೆ ಅಳಿದ ಮೇಲೆ

ನೇಪಾಳದ ಶಾಹ ಅರಸರನ್ನು ಕುರಿತ ಐತಿಹ್ಯಗಳು, ಅವರ ಮೇಲಿದ್ದ ಕಟ್ಟುಪಾಡುಗಳು, 2008ರಲ್ಲಿ ಅರಸೊತ್ತಿಗೆ ರದ್ದಾದ ಮೇಲೆ ಅವುಗಳಿಗೆ ಒದಗಿದ ಗತಿ ಈ ಲೇಖನದ ವಿಷಯ. 2008ರ ಮೇ 28ರಂದು ಸಂವಿಧಾನ ಸಭೆ 560–4 ಮತಗಳಿಂದ ಅರಸೊತ್ತಿಗೆಯನ್ನು ಕೊನೆಗೊಳಿಸಿ ದೇಶವನ್ನು ಗಣರಾಜ್ಯವೆಂದು ಸಾರಿತು. ಸುಮಾರು 240 ವರ್ಷ ಕಠ್ಮಂಡುವಿನ ಗದ್ದುಗೆಯ ಮೇಲಿದ್ದ ವಂಶದ ಕೊನೆಯ ದೊರೆ ಜ್ಞಾನೇಂದ್ರರು ಜೂನ್ 11ರಂದು ನಾರಾಯಣಹಿಟಿ ಅರಮನೆಯಿಂದ ಹೊರನಡೆದರು. ವಿಷ್ಣುವಿನ ಅವತಾರವೆಂದು ಜನ ಕೈಮುಗಿಯುತ್ತಿದ್ದ ಅರಸನೊಬ್ಬ ಟಿವಿ ಕ್ಯಾಮೆರಾಗಳ ಎದುರಿಗೆ ಸಾಮಾನ್ಯ ಪ್ರಜೆಯಾದ ಈ ಘಟನೆ ಅಪರೂಪದ್ದು. ಜಾನಪದ, ಇತಿಹಾಸ, ರಾಜಕಾರಣ ಮೂರನ್ನೂ ಅಭ್ಯಾಸ ಮಾಡುವವರಿಗೆ ಇದು ಇನ್ನೂ ಹಸಿಯಾಗಿರುವ ಉದಾಹರಣೆ.

ಕಥೆ, ವಿಧಿ, ನಿಷೇಧ ಇವು ಒಂದೇ ವೇಗದಲ್ಲಿ ಅಳಿಯುವುದಿಲ್ಲ ಎಂಬುದು ನೇಪಾಳವನ್ನು ನೋಡಿದಾಗ ಮೊದಲು ಕಾಣುವ ಸಂಗತಿ. ನಿಷೇಧ ಅರಸನ ಮೈಗೆ ಅಂಟಿಕೊಂಡದ್ದು. ಆ ಮೈಗೆ ಪಟ್ಟ ತಪ್ಪಿದ ದಿನವೇ ಅದು ನೆಲೆ ಕಳೆದುಕೊಳ್ಳುತ್ತದೆ. ವಿಧಿಯ ಹಿಂದೆ ಜಮೀನು, ಸರದಿ, ವಂಶಪಾರಂಪರ್ಯದ ಹಕ್ಕು ಇವೆಲ್ಲ ಇರುವುದರಿಂದ ಅರಸನಿಲ್ಲದೆಯೂ ಅದು ನಡೆಯುತ್ತದೆ. ಕಥೆಗೆ ಹೇಳುವವರು ಕೇಳುವವರು ಇದ್ದರೆ ಸಾಕು, ಆದರೆ ಅದರ ಅರ್ಥ ಮಾತ್ರ ಹಳೆಯದಾಗಿ ಉಳಿಯುವುದಿಲ್ಲ.

ಮಲ್ಲರಿಂದ ಶಾಹರಿಗೆ

2008ರ ಬದಲಾವಣೆ ಏನೆಂದು ತಿಳಿಯಲು 1768ರ ಬದಲಾವಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯವರೆಗೆ ಕಠ್ಮಂಡು ಕಣಿವೆಯಲ್ಲಿ ಕಠ್ಮಂಡು, ಪಾಟನ್, ಭಕ್ತಪುರ ಎಂಬ ಮೂರು ಮಲ್ಲ ರಾಜ್ಯಗಳಿದ್ದವು. ಮಲ್ಲರ ಕುಲದೇವತೆ ತಲೇಜು. ಈ ದೇವಿ ಕಣಿವೆಗೆ ಬಂದ ಕಥೆಯಲ್ಲಿ ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಎಳೆಯೊಂದಿದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ಸಿಮ್ರೌನಗಢವನ್ನು ರಾಜಧಾನಿ ಮಾಡಿಕೊಂಡು ಆಳಿದ. ಆ ವಂಶ ತನ್ನನ್ನು ಕರ್ಣಾಟ ವಂಶವೆಂದೇ ಕರೆದುಕೊಂಡಿತು. ಅದರ ಕೊನೆಯ ಅರಸ ಹರಿಸಿಂಹದೇವ ಘಿಯಾಸುದ್ದೀನ್ ತುಘಲಕನ ದಾಳಿಗೆ ಸಿಕ್ಕಿ ಬೆಟ್ಟಗಳ ಕಡೆಗೆ ಓಡಿದ. ತಲೇಜುವನ್ನು ಹೊತ್ತು ತಂದು ಭಕ್ತಪುರವನ್ನು ಗೆದ್ದವನು ಇವನೇ ಎನ್ನುತ್ತವೆ ಮುಂದಿನ ಕಾಲದ ವಂಶಾವಳಿಗಳು. ಇತಿಹಾಸಕಾರರು ಹೇಳುವುದು ಬೇರೆ: ಆತ ಕಣಿವೆ ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡ, ಭಕ್ತಪುರವನ್ನು ತಲುಪಿದವಳು ಅವನ ರಾಣಿ ದೇವಲದೇವಿ. ಅವಳ ಮೊಮ್ಮಗಳನ್ನು ಜಯಸ್ಥಿತಿ ಮಲ್ಲ ಮದುವೆಯಾದ. ಸೋತು ಓಡಿ ಬಂದ ಮನೆತನವೊಂದು ನೂರಾರು ವರ್ಷಗಳ ನಂತರ ಕಥೆಯಲ್ಲಿ ಗೆದ್ದು ಬಂದಂತೆ ಆಯಿತು.

ತಲೇಜುವಿನ ಜೊತೆಗೇ, ಜೀವಂತ ದೇವಿಯೆಂದು ಪೂಜೆಗೊಳ್ಳುವ ಬಾಲಕಿ ಕುಮಾರಿಯ ಕಥೆಯೂ ಬರುತ್ತದೆ. ಮಲ್ಲ ಅರಸನೊಬ್ಬ ರಾತ್ರಿ ಹೊತ್ತು ದೇವಿಯೊಡನೆ ಪಗಡೆಯಾಡುತ್ತಿದ್ದನಂತೆ. ಒಮ್ಮೆ ಅವನ ಮನಸ್ಸು ಕೆಟ್ಟದ್ದಕ್ಕೆ ಹರಿಯಿತು. ಮುನಿದ ದೇವಿ ಮಾಯವಾದಳು, ಇನ್ನು ಮುಂದೆ ಶಾಕ್ಯ ಕುಲದ ಬಾಲಕಿಯಲ್ಲಷ್ಟೇ ತನ್ನನ್ನು ಕಾಣಬೇಕೆಂದಳು. ಕೆಲವರು ಈ ಅರಸನನ್ನು ತ್ರೈಲೋಕ್ಯ ಮಲ್ಲ ಎನ್ನುತ್ತಾರೆ, ಹಲವರು ಜಯಪ್ರಕಾಶ ಮಲ್ಲ ಎನ್ನುತ್ತಾರೆ. ಕಠ್ಮಂಡುವಿನ ಕುಮಾರಿ ಮನೆಯನ್ನು 1757ರಲ್ಲಿ ಕಟ್ಟಿಸಿದವನು ಜಯಪ್ರಕಾಶನಾದ್ದರಿಂದ ಕಥೆ ಅವನ ಹೆಸರಿಗೇ ಹೆಚ್ಚು ಅಂಟಿದೆ.

ಗೋರ್ಖಾದ ಪೃಥ್ವೀನಾರಾಯಣ ಶಾಹ 1768ರಲ್ಲಿ ಕಠ್ಮಂಡುವನ್ನು ಹಿಡಿದದ್ದು ಇಂದ್ರಜಾತ್ರೆಯ ಹೊತ್ತಿನಲ್ಲಿ. ಊರು ಹಬ್ಬದಲ್ಲಿ ಮುಳುಗಿತ್ತು, ಜಯಪ್ರಕಾಶ ಓಡಿಹೋದ. ಗೆದ್ದವನು ಜಾತ್ರೆಯನ್ನು ನಿಲ್ಲಿಸಲಿಲ್ಲ. ಅರಸನಿಗೆಂದು ಹಾಸಿದ್ದ ಆಸನದಲ್ಲಿ ತಾನು ಕುಳಿತು ಕುಮಾರಿಯ ಕೈಯಿಂದ ತಿಲಕ ಇಡಿಸಿಕೊಂಡ ಎಂದು ಪರಂಪರೆ ಹೇಳುತ್ತದೆ. ಮಲ್ಲರ ದೇವತೆ, ಮಲ್ಲರ ಜಾತ್ರೆ, ಮಲ್ಲರ ಕಟ್ಟುಪಾಡು ಎಲ್ಲವೂ ಶಾಹರ ಪಾಲಾದವು. ರಾಜಕೀಯವಾಗಿ ಇದು ಬಹಳ ಜಾಣತನದ ನಡೆ. ವಂಶ ಬದಲಾದಾಗ ಐತಿಹ್ಯ ಸಾಯಲಿಲ್ಲ, ಹೊಸ ಯಜಮಾನನ ಹೆಸರಿಗೆ ಖಾತೆ ಬದಲಾಯಿತು ಅಷ್ಟೆ.

ಮೊಸರಿನ ಕಥೆ ಮತ್ತು ತಲೆಮಾರಿನ ಲೆಕ್ಕ

ಶಾಹರು ತಮ್ಮದೇ ಕಥೆಯೊಂದನ್ನೂ ಜೊತೆಗೆ ತಂದಿದ್ದರು. ಗೋರ್ಖಾದ ಅರಮನೆಯ ಬಳಿ ಗೋರಖನಾಥನ ಗುಹೆಯಿದೆ. ಬಾಲಕ ಪೃಥ್ವೀನಾರಾಯಣನಿಗೆ ಅಲ್ಲಿ ಗೋರಖನಾಥ ಸಾಧುವಿನ ರೂಪದಲ್ಲಿ ಕಾಣಿಸಿಕೊಂಡು ಮೊಸರು ಕೇಳಿದ. ತಂದುಕೊಟ್ಟ ಮೊಸರನ್ನು ಕುಡಿದು, ಬಾಲಕನ ಬೊಗಸೆಯಲ್ಲಿ ಕಾರಿ, ಕುಡಿ ಎಂದ. ಹುಡುಗ ಕುಡಿಯಲಿಲ್ಲ, ಬೆರಳಸಂದಿಯಿಂದ ಜಾರಿದ ಮೊಸರು ಅವನ ಪಾದದ ಮೇಲೆ ಬಿತ್ತು. ಕುಡಿದಿದ್ದರೆ ಬಯಸಿದ್ದೆಲ್ಲ ಕೈಗೂಡುತ್ತಿತ್ತು, ಕಾಲಮೇಲೆ ಬಿದ್ದದ್ದರಿಂದ ಕಾಲಿಟ್ಟ ನೆಲವೆಲ್ಲ ನಿನ್ನದಾಗುತ್ತದೆ ಎಂದು ಸಾಧು ಹರಸಿದ. ಗೋರ್ಖಾದಂಥ ಸಣ್ಣ ಬೆಟ್ಟದ ರಾಜ್ಯ ಹಿಮಾಲಯದ ದೊಡ್ಡ ರಾಜ್ಯವಾಗಿ ಬೆಳೆದದ್ದಕ್ಕೆ ಜನ ಕೊಟ್ಟುಕೊಂಡ ವಿವರಣೆ ಇದು.

ಈ ಕಥೆಗೆ ಇನ್ನೊಂದು ಪಾಠವಿದೆ. ಮೊಸರು ಹತ್ತು ಕಾಲ್ಬೆರಳುಗಳ ಮೇಲೆ ಬಿದ್ದದ್ದರಿಂದ ವಂಶ ಹತ್ತು ತಲೆಮಾರು ಮಾತ್ರ ಬಾಳುತ್ತದೆ ಎಂಬ ಶಾಪ ಅದರ ಸಾರ. 2001ರ ಜೂನ್ 1ರ ರಾತ್ರಿ ನಾರಾಯಣಹಿಟಿಯಲ್ಲಿ ಅರಸ ಬೀರೇಂದ್ರ, ರಾಣಿ ಐಶ್ವರ್ಯ ಮತ್ತು ಅವರ ಮಕ್ಕಳು ಸೇರಿ ರಾಜಮನೆತನದವರ ಕೊಲೆಯಾಯಿತು. ಗುಂಡು ಹಾರಿಸಿದವನು ಯುವರಾಜ ದೀಪೇಂದ್ರನೆಂದು ತನಿಖೆಯ ವರದಿ ಹೇಳಿತು. ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ಅವನನ್ನು ಅರಸನೆಂದು ಘೋಷಿಸಲಾಗಿತ್ತು; ಜೂನ್ 4ರಂದು ಅವನೂ ಸತ್ತ. ಹತ್ತು ಬೆರಳಿನ ಪಾಠ ಊರೂರಿಗೆ, ವಿದೇಶಿ ಪತ್ರಿಕೆಗಳಿಗೂ ಹಬ್ಬಿದ್ದು ಇದಾದ ಮೇಲೆ.

ಲೆಕ್ಕ ಹಾಕಿ ನೋಡಿದರೆ ಶಾಪ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಪೃಥ್ವೀನಾರಾಯಣನಿಂದ ಪಟ್ಟಕ್ಕೆ ಬಂದವರನ್ನು ಎಣಿಸಿದರೆ ಬೀರೇಂದ್ರರು ಹತ್ತನೆಯವರು. ಆದರೆ ಶಾಪ ಹೇಳುವುದು ತಲೆಮಾರಿನ ಮಾತು. ಸುರೇಂದ್ರನ ಮಗ ತ್ರೈಲೋಕ್ಯ ಪಟ್ಟವೇರುವ ಮೊದಲೇ ಸತ್ತ. ಅವನನ್ನೂ ಸೇರಿಸಿದರೆ ಬೀರೇಂದ್ರರದು ಹನ್ನೊಂದನೆಯ ತಲೆಮಾರು. ಇನ್ನು ಜ್ಞಾನೇಂದ್ರರು 1950ರಲ್ಲಿ ಮೂರು ವರ್ಷದ ಮಗುವಾಗಿದ್ದಾಗಲೇ ಒಮ್ಮೆ ಗದ್ದುಗೆಯೇರಿದ್ದರು. ಅಜ್ಜ ತ್ರಿಭುವನ ಭಾರತಕ್ಕೆ ಹೋದಾಗ, ಆಗ ಅಧಿಕಾರ ನಡೆಸುತ್ತಿದ್ದ ರಾಣಾ ಮನೆತನದ ಪ್ರಧಾನಿ ಈ ಮಗುವನ್ನು ಪಟ್ಟಕ್ಕೆ ಕೂರಿಸಿದ್ದ, ಕೆಲವೇ ತಿಂಗಳಲ್ಲಿ ತ್ರಿಭುವನ ಮರಳಿ ಬಂದ. ಅದನ್ನು ಎಣಿಸಬೇಕೋ ಬೇಡವೋ? ಬೀರೇಂದ್ರರ ನಂತರವೂ ಇಬ್ಬರು ಅರಸರಾದರಲ್ಲ, ಅವರನ್ನೇನು ಮಾಡುವುದು? ಕಥೆ ಹೇಳುವವರು ಈ ತೊಡಕುಗಳಿಗೆ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ನಡೆದುಹೋದದ್ದಕ್ಕೆ ಸರಿಯಾಗಿ ಬೆರಳು ಮಡಚುವುದು ಶಾಪಕಥೆಗಳ ಹುಟ್ಟುಗುಣ.

ಅರಸನಿಗಿದ್ದ ನಿಷೇಧಗಳು

ಕಠ್ಮಂಡುವಿನ ಉತ್ತರಕ್ಕೆ ಬುಢಾನೀಲಕಂಠವೆಂಬಲ್ಲಿ ಕೊಳದ ನಡುವೆ ಶೇಷನ ಮೇಲೆ ಮಲಗಿದ ವಿಷ್ಣುವಿನ ದೊಡ್ಡ ವಿಗ್ರಹವಿದೆ. ಉದ್ದ ಸುಮಾರು ಐದು ಮೀಟರ್, ಲಿಚ್ಛವಿಗಳ ಕಾಲದ ಏಳನೆಯ ಶತಮಾನದ ಕೆಲಸ. ನೇಪಾಳದ ಅರಸ ಇದನ್ನು ನೋಡಕೂಡದು, ನೋಡಿದರೆ ಸಾಯುತ್ತಾನೆ ಎಂಬುದು ಅಲ್ಲಿನ ರಾಜನಿಷೇಧಗಳಲ್ಲೆಲ್ಲ ಪ್ರಸಿದ್ಧವಾದದ್ದು. ಹದಿನೇಳನೆಯ ಶತಮಾನದ ಪ್ರತಾಪ ಮಲ್ಲನಿಗೆ ಕನಸಿನಲ್ಲಿ ಈ ಎಚ್ಚರಿಕೆ ಸಿಕ್ಕಿತಂತೆ. ಶಾಹರ ಕಾಲಕ್ಕೆ ಕಾರಣ ಬೇರೆಯಾಯಿತು: ಅರಸನೇ ವಿಷ್ಣು, ವಿಷ್ಣು ತನ್ನನ್ನು ತಾನೇ ನೋಡಬಾರದು. ಅರಸರ ಪೂಜೆಗೆ ಬಾಲಾಜುವಿನಲ್ಲಿ ಇಂಥದೇ ಸಣ್ಣ ವಿಗ್ರಹವಿತ್ತು. ನಿಷೇಧ ಹಾಗೇ ನಿಂತು ಅದರ ಕಾರಣ ಮಾತ್ರ ವಂಶದೊಂದಿಗೆ ಬದಲಾದದ್ದನ್ನು ಗಮನಿಸಬೇಕು. ಗಣರಾಜ್ಯದಲ್ಲಿ ಈ ನಿಷೇಧಕ್ಕೆ ಹಿಡಿಯಲು ಮನುಷ್ಯನೇ ಇಲ್ಲ. ರಾಷ್ಟ್ರಪತಿ ಯಾರ ಅವತಾರವೂ ಅಲ್ಲ. ಅದನ್ನು ರದ್ದು ಮಾಡಲು ಕಾನೂನೂ ಬೇಕಾಗಲಿಲ್ಲ, ಶಾಂತಿಹೋಮವೂ ಬೇಕಾಗಲಿಲ್ಲ. ಈಗ ಅದು ಪ್ರವಾಸಿಗರಿಗೆ ಗೈಡುಗಳು ಹೇಳುವ ಕಥೆ.

‘ಕಟ್ಟೋ’ ಎಂಬ ವಿಧಿ ಇನ್ನೂ ವಿಚಿತ್ರವಾದದ್ದು. ಅರಸ ಸತ್ತ ಹನ್ನೊಂದನೆಯ ದಿನ ಬ್ರಾಹ್ಮಣನೊಬ್ಬ ಸತ್ತವನ ಉಡುಪು ತೊಟ್ಟು, ಅವನ ವಸ್ತುಗಳನ್ನು ದಾನ ಪಡೆದು, ಶುದ್ಧ ಬ್ರಾಹ್ಮಣ ಮುಟ್ಟಬಾರದ ಪದಾರ್ಥ ಬೆರೆಸಿದ ಊಟ ಮಾಡಬೇಕಿತ್ತು. ಊಟವಾದ ಮೇಲೆ ಅವನು ಜಾತಿಯಿಂದ ಹೊರಗೆ. ಆನೆಯ ಮೇಲೆ ಕೂರಿಸಿ ಅವನನ್ನು ಕಣಿವೆಯಿಂದ ಆಚೆಗೆ ಕಳಿಸುತ್ತಿದ್ದರು, ಅವನು ಮರಳಿ ಬರುವಂತಿರಲಿಲ್ಲ. ಸತ್ತ ಅರಸನ ಪ್ರೇತ, ಅದರೊಂದಿಗೆ ರಾಜ್ಯದ ಮೈಲಿಗೆ, ಅವನ ಬೆನ್ನಿಗೆ ಬಿದ್ದು ಹೋಗುತ್ತದೆಂದು ನಂಬಿಕೆಯಿತ್ತು. 2001ರ ಜೂನ್ 11ರಂದು ಬೀರೇಂದ್ರರಿಗಾಗಿ ಇದು ನಡೆದಾಗ ಜಗತ್ತಿನ ಪತ್ರಕರ್ತರೆಲ್ಲ ಕಠ್ಮಂಡುವಿನಲ್ಲೇ ಇದ್ದರು. ಆನೆಯ ಮೇಲಿನ ಬ್ರಾಹ್ಮಣನ ಚಿತ್ರ ಎಲ್ಲ ಕಡೆ ಅಚ್ಚಾಯಿತು. ದೀಪೇಂದ್ರನಿಗಾಗಿ ಇನ್ನೊಬ್ಬ ಬ್ರಾಹ್ಮಣ ಉಣ್ಣಬೇಕಾಯಿತು. ಪಟ್ಟದಲ್ಲಿದ್ದ ಅರಸರ ಹೆಸರಿನಲ್ಲಿ ನಡೆದ ಕೊನೆಯ ಕಟ್ಟೋಗಳು ಇವು. ಬಡ ಬ್ರಾಹ್ಮಣನೊಬ್ಬನ ಜಾತಿ ಮತ್ತು ಊರನ್ನು ಬೆಲೆಯಾಗಿ ಕೊಟ್ಟು ಅರಮನೆ ಶುದ್ಧವಾಗುತ್ತಿದ್ದ ಈ ಪದ್ಧತಿ ಮರೆಯಾದರೆ ಕಳೆದುಕೊಂಡೆವೆನ್ನಲು ಹೆಚ್ಚೇನಿಲ್ಲ.

ನಂಬಿಕೆಯಿಂದ ಹುಟ್ಟಿದ ಈ ನಿಷೇಧಗಳಲ್ಲದೆ ಕಾಯಿದೆಯಲ್ಲಿ ಬರೆದಿಟ್ಟವೂ ಇದ್ದವು. ಪ್ರಜಾಪ್ರಭುತ್ವ ತಂದ 1990ರ ಸಂವಿಧಾನ ಕೂಡ ಅರಸನ ನಡೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ, ಸಂಸತ್ತಿನಲ್ಲಿ ಚರ್ಚಿಸದಂತೆ ತಡೆದಿತ್ತು. ಅರಮನೆಯ ಹತ್ಯಾಕಾಂಡದ ಬಗ್ಗೆ ಮಾವೋವಾದಿ ನಾಯಕ ಬಾಬುರಾಮ್ ಭಟ್ಟರಾಯ್ ಬರೆದ ಲೇಖನವನ್ನು ಪ್ರಕಟಿಸಿದ್ದಕ್ಕೆ ‘ಕಾಂತಿಪುರ’ ಪತ್ರಿಕೆಯ ಸಂಪಾದಕ, ಪ್ರಕಾಶಕರನ್ನು 2001ರ ಜೂನ್‌ನಲ್ಲಿ ಬಂಧಿಸಲಾಯಿತು. ಐದೇ ವರ್ಷಗಳಲ್ಲಿ ಕಾಯಿದೆಯ ಈ ರಕ್ಷಣೆ ಕುಸಿಯಿತು. 2006ರ ಏಪ್ರಿಲ್‌ನ ಜನಾಂದೋಲನದ ನಂತರ, ಮೇ 18ರಂದು ಪ್ರತಿನಿಧಿ ಸಭೆ ಹೊರಡಿಸಿದ ಘೋಷಣೆ ಅರಸನ ಕೃತ್ಯಗಳನ್ನು ಸಭೆಯಲ್ಲೂ ನ್ಯಾಯಾಲಯದಲ್ಲೂ ಪ್ರಶ್ನಿಸಬಹುದೆಂದಿತು, ಅವನ ಆಸ್ತಿ ಆದಾಯಗಳಿಗೆ ತೆರಿಗೆ ಹಾಕಿತು, ಅರಸನ ಬಿರುದು ಹೊತ್ತ ‘ಶ್ರೀ 5ರ ಸರ್ಕಾರ’ವನ್ನು ‘ನೇಪಾಳ ಸರ್ಕಾರ’ ಮಾಡಿತು, ದೇಶವನ್ನು ಧರ್ಮನಿರಪೇಕ್ಷವೆಂದಿತು. 2007ರ ಆಗಸ್ಟ್‌ನಲ್ಲಿ ಅರಸನನ್ನು ಹೊಗಳುವ ರಾಷ್ಟ್ರಗೀತೆಯ ಜಾಗಕ್ಕೆ ಹೊಸದು ಬಂತು. ನೋಟುಗಳ ಮೇಲೆ ಎವರೆಸ್ಟ್ ಬಂತು. ಅರಸನ ನೀರುಗುರುತು ಇದ್ದ ಹಳೆಯ ಕಾಗದ ಉಳಿದಿದ್ದರಿಂದ ಆ ಜಾಗದ ಮೇಲೆ ದೇಶದ ಹೂವಾದ ಲಾಲಿಗುರಾಂಸವನ್ನು ಮುದ್ರಿಸಿ ಮುಖವನ್ನು ಮುಚ್ಚಿದರು.

ಅರಸನ ಆಸನದಲ್ಲಿ ಯಾರು?

ಇಂದ್ರಜಾತ್ರೆಯಂದು ಕುಮಾರಿಯಿಂದ ತಿಲಕ ಪಡೆದರಷ್ಟೇ ಅರಸನ ಆಳ್ವಿಕೆ ಇನ್ನೊಂದು ವರ್ಷಕ್ಕೆ ಸಲ್ಲುತ್ತದೆಂದು ನಂಬಿಕೆಯಿತ್ತು. 1954ರ ಜಾತ್ರೆಯಲ್ಲಿ ಕುಮಾರಿ ತ್ರಿಭುವನನನ್ನು ಬಿಟ್ಟು ಯುವರಾಜ ಮಹೇಂದ್ರನ ಹಣೆಗೆ ತಿಲಕವಿಟ್ಟಳು, 1955ರ ಮಾರ್ಚ್‌ನಲ್ಲಿ ತ್ರಿಭುವನ ಜ್ಯೂರಿಚ್‌ನಲ್ಲಿ ತೀರಿಕೊಂಡ ಎಂದು ಈಗಲೂ ಹೇಳುತ್ತಾರೆ. 2007ರಲ್ಲಿ ಅರಸ ಇನ್ನೂ ಅರಮನೆಯಲ್ಲಿದ್ದರೂ ರಾಷ್ಟ್ರದ ಮುಖ್ಯಸ್ಥನ ಕೆಲಸ ಪ್ರಧಾನಿ ಗಿರಿಜಾಪ್ರಸಾದ ಕೊಯಿರಾಲರ ಕೈಗೆ ಬಂದಿತ್ತು. ಆ ವರ್ಷ ಕುಮಾರಿಯ ಮುಂದೆ ಹೋದವರು ಕೊಯಿರಾಲ. ಜ್ಞಾನೇಂದ್ರರು ಸುಮ್ಮನಿರಲಿಲ್ಲ; ಅದೇ ಜಾತ್ರೆಯ ಅವಧಿಯಲ್ಲಿ ತಾವೂ ಹೋಗಿ ತಿಲಕ ಪಡೆದರು. ಸಿಟ್ಟಾದ ಸರ್ಕಾರ ಅವರ ಭದ್ರತೆಯನ್ನು ಕಡಿತಗೊಳಿಸಿತು. ಒಬ್ಬ ಬಾಲಕಿಯ ಬೆರಳಿನ ಕುಂಕುಮಕ್ಕಾಗಿ ಪ್ರಧಾನಿ ಮತ್ತು ಅರಸ ಪೈಪೋಟಿಗೆ ಇಳಿದದ್ದು ತಮಾಷೆಯಾಗಿ ಕಾಣಬಹುದು. ಆದರೆ 1768ರ ಪಾಠವನ್ನು ಇಬ್ಬರೂ ಚೆನ್ನಾಗಿ ಬಲ್ಲವರಾಗಿದ್ದರು.

2008ರಿಂದ ಈ ಜಾಗ ರಾಷ್ಟ್ರಪತಿಯದು. ದಕ್ಷಿಣದ ಬಯಲು ಪ್ರದೇಶವಾದ ತೆರಾಯಿಯ ಮಧೇಶಿ ಸಮುದಾಯದ ವೈದ್ಯ ರಾಮಬರಣ ಯಾದವ್ ಮೊದಲಿಗರು. ಪಾಟನ್‌ನ ರಾತೋ ಮಚ್ಛೀಂದ್ರನಾಥನ ಜಾತ್ರೆಯ ಕೊನೆಗೆ ದೇವರ ಅಂಗಿಯನ್ನು ಎತ್ತಿ ತೋರಿಸುವ ಭೋಟೋ ಜಾತ್ರೆ, ದಸಾಯಿ (ದಸರಾ) ಹಬ್ಬದಲ್ಲಿ ಜನರ ಹಣೆಗೆ ಟೀಕಾ ಇಡುವುದು, ಇವೂ ಅರಸನಿಂದ ರಾಷ್ಟ್ರಪತಿಗೆ ದಾಟಿದವು. 2015ರಲ್ಲಿ ವಿದ್ಯಾದೇವಿ ಭಂಡಾರಿ ರಾಷ್ಟ್ರಪತಿಯಾದಾಗ ಹಣೆಗೆ ಟೀಕಾ ಇಡುವ ಕೈ ಒಬ್ಬ ವಿಧವೆಯದಾಯಿತು. ಹಳೆಯ ಅರಮನೆಯ ಆಚಾರದಲ್ಲಿ ಇದನ್ನು ಊಹಿಸುವುದೂ ಕಷ್ಟವಿತ್ತು.

ಹೊಸ ಸರ್ಕಾರ ಎಡವಿದ್ದು ವಿಧಿಗಳೆಲ್ಲ ಅರಮನೆಯ ಸೊತ್ತು ಎಂದುಕೊಂಡದ್ದರಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಅರ್ಥಮಂತ್ರಿಯಾಗಿದ್ದ ಭಟ್ಟರಾಯ್ ಇಂದ್ರಜಾತ್ರೆಯ ಪ್ರಾಣಿಬಲಿಗೆ ಕೊಡುತ್ತಿದ್ದ ಹಣವನ್ನು ಬಜೆಟ್ಟಿನಲ್ಲಿ ಕಿತ್ತುಹಾಕಿದರು. ಕಠ್ಮಂಡುವಿನ ನೇವಾರ ಸಮುದಾಯದವರು ಬೀದಿಗಿಳಿದು ಟೈರು ಸುಟ್ಟರು. ಸರ್ಕಾರ ಕೆಲವೇ ದಿನಗಳಲ್ಲಿ ಹಣ ಕೊಡಲು ಒಪ್ಪಿತು. ಕಣಿವೆಯ ಜಾತ್ರೆಗಳನ್ನು ಹೊತ್ತಿರುವುದು ಗುಠಿಗಳು, ಅಂದರೆ ದೇವರ ಕೆಲಸಕ್ಕೆಂದು ಬಿಟ್ಟ ಜಮೀನಿನ ಉತ್ಪನ್ನದಿಂದ ಸರದಿಯ ಪ್ರಕಾರ ಸೇವೆ ನಡೆಸುವ ಸಂಘಗಳು. ನಮ್ಮ ಕಡೆಯ ದೇವರ ಇನಾಮಿಗೆ ಇವು ಹತ್ತಿರ. ಗುಠಿಗಳನ್ನು ಸರ್ಕಾರದ ಹತೋಟಿಗೆ ತರುವ ಮಸೂದೆ 2019ರಲ್ಲಿ ಬಂದಾಗ ಸಾವಿರಾರು ಜನ ಕಠ್ಮಂಡುವಿನ ಮೈತಿಘರ್‌ನಲ್ಲಿ ಸೇರಿದರು, ಮಸೂದೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವರಲ್ಲಿ ಅರಸ ಬೇಕೆಂದವರು ಇದ್ದರೋ ಇಲ್ಲವೋ, ಜಗಳ ಮಾತ್ರ ಅರಸನದಾಗಿರಲಿಲ್ಲ.

ಕುಮಾರಿಯ ಶಕುನದ ಅರ್ಥವೂ ಈ ನಡುವೆ ಬದಲಾಗಿದೆ. 2001ರ ಹತ್ಯಾಕಾಂಡಕ್ಕೆ ಮುಂಚೆ ಪಾಟನ್‌ನ ಕುಮಾರಿ ನಾಲ್ಕು ದಿನ ಎಡೆಬಿಡದೆ ಅತ್ತಳೆಂಬ ಮಾತಿದೆ. ಅಳುವಿಗೆ ಅಂದು ಅರಸನ ಸಾವೇ ಅರ್ಥ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಠ್ಮಂಡುವಿನ ಅರಮನೆ ಚೌಕದ ದೇವಾಲಯಗಳು ಉರುಳಿದರೂ ಪಕ್ಕದ ಕುಮಾರಿ ಮನೆ ನಿಂತಿತು. ಅವಳು ಕಾಪಾಡಿದಳೆಂದು ಜನ ಹೇಳಿದ್ದು ಊರಿನ ಬಗ್ಗೆ. ಕುಮಾರಿಯಾಗಿದ್ದವಳನ್ನು ಮದುವೆಯಾದವನು ಬೇಗ ಸಾಯುತ್ತಾನೆ ಎಂಬ ಹಳೆಯ ಹೆದರಿಕೆ ಕೂಡ, ಮಾಜಿ ಕುಮಾರಿಯರು ಓದಿ, ಮದುವೆಯಾಗಿ, ಸಂಸಾರ ಮಾಡಿಕೊಂಡಿರುವುದರಿಂದ ಸವೆದಿದೆ. ಕುಮಾರಿಗೆ ಶಿಕ್ಷಣದ ಹಕ್ಕಿದೆಯೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೆ ಬಲ ಕೊಟ್ಟಿತು.

ಪಶುಪತಿನಾಥನ ಭಟ್ಟರು

ಕರ್ನಾಟಕಕ್ಕೆ ನೇರವಾಗಿ ತಾಗುವ ಕಟ್ಟುಪಾಡೊಂದು ಪಶುಪತಿನಾಥ ದೇವಾಲಯದಲ್ಲಿದೆ. ಅಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಹೆಚ್ಚಾಗಿ ಕರ್ನಾಟಕದಿಂದ ಹೋದವರು. ಅವರಿಗೆ ನೆರವಾಗುವ ಭಂಡಾರಿಗಳು ಸ್ಥಳೀಯ ನೇವಾರರು. ಶಂಕರಾಚಾರ್ಯರು ಈ ವ್ಯವಸ್ಥೆ ಮಾಡಿದರೆಂಬುದು ಐತಿಹ್ಯ. ಇದಕ್ಕೆ ಕೊಡುವ ಇನ್ನೊಂದು ಕಾರಣ ನೇರವಾಗಿ ಅರಸನಿಗೆ ಸೇರಿದ್ದು: ಅರಸ ಪ್ರಜೆಗಳ ತಂದೆ, ಅವನು ಸತ್ತರೆ ನೇಪಾಳಿಗಳೆಲ್ಲರಿಗೂ ಸೂತಕ, ಸೂತಕದಲ್ಲಿರುವವರು ದೇವರನ್ನು ಮುಟ್ಟುವಂತಿಲ್ಲ. ಪೂಜೆ ತಪ್ಪಬಾರದೆಂದರೆ ಆ ಅರಸನ ಪ್ರಜೆಯಲ್ಲದ ಪೂಜಾರಿ ಬೇಕು. 2001ರಲ್ಲಿ ಸಾವಿರಾರು ಗಂಡಸರು ತಲೆ ಬೋಳಿಸಿಕೊಂಡು ಅರಸನ ಸೂತಕ ಆಚರಿಸಿದ್ದನ್ನು ನೆನೆದರೆ ಈ ತರ್ಕ ಬರಿಯ ಮಾತಾಗಿರಲಿಲ್ಲವೆಂದು ತಿಳಿಯುತ್ತದೆ.

ಅರಸನೇ ಇಲ್ಲವೆಂದ ಮೇಲೆ ಸೂತಕವೆಲ್ಲಿಯದು? ಪ್ರಚಂಡರ ನೇತೃತ್ವದ ಮಾವೋವಾದಿ ಸರ್ಕಾರದ ಅವಧಿಯಲ್ಲಿ, 2009ರ ಆರಂಭದ ಹೊತ್ತಿಗೆ, ಭಟ್ಟರನ್ನು ಬಿಡಿಸಿ ನೇಪಾಳಿ ಪೂಜಾರಿಗಳನ್ನು ನೇಮಿಸಲಾಯಿತು. ಭಂಡಾರಿಗಳು ತಿರುಗಿಬಿದ್ದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಭಾರತದಲ್ಲೂ ಗದ್ದಲವೆದ್ದಿತು, ಕೊನೆಗೆ ಸರ್ಕಾರ ಹಿಂದೆ ಸರಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಬೇರೆ ಸರ್ಕಾರ ಬಂದಿದ್ದಾಗ, ಕರ್ನಾಟಕದಿಂದ ಹೊಸದಾಗಿ ನೇಮಕಗೊಂಡ ಇಬ್ಬರು ಭಟ್ಟರ ಮೇಲೆ ಹಲ್ಲೆ ನಡೆಯಿತು. ಆದರೂ ಪದ್ಧತಿ ಮುಂದುವರಿಯಿತು. ಅರಸನ ಸೂತಕವೆಂಬ ಆಧಾರ ಕಳಚಿಬಿದ್ದ ಮೇಲೂ ಈ ಕಟ್ಟುಪಾಡನ್ನು ನಿಲ್ಲಿಸಿಕೊಂಡವರು ಪೂಜೆಯ ಹಕ್ಕುಳ್ಳ ಮನೆತನಗಳು, ನ್ಯಾಯಾಲಯ ಮತ್ತು ಎರಡು ದೇಶಗಳ ರಾಜಕಾರಣ.

ಮೈಸೂರಿನ ಹೋಲಿಕೆ

ಮೈಸೂರಿನಲ್ಲಿ ಅರಸೊತ್ತಿಗೆ ಒಂದೇ ದಿನ ಮುಗಿಯಲಿಲ್ಲ. 1947ರ ವಿಲೀನ, ಜಯಚಾಮರಾಜ ಒಡೆಯರ್ ರಾಜಪ್ರಮುಖರಾದದ್ದು, 1956ರಲ್ಲಿ ರಾಜ್ಯಪಾಲರಾದದ್ದು, 1971ರ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನ ಹೋದದ್ದು ಹೀಗೆ ಹಂತಹಂತವಾಗಿ ಸವೆಯಿತು. ಜಂಬೂಸವಾರಿಯ ಚಿನ್ನದ ಅಂಬಾರಿಯಲ್ಲಿ ಅರಸನ ಬದಲು ಚಾಮುಂಡೇಶ್ವರಿ ಕುಳಿತಳು. ದಸರಾ ಸರ್ಕಾರದ ಹಬ್ಬವಾಯಿತು, ಅರಮನೆಯೊಳಗಿನ ಖಾಸಗಿ ದರ್ಬಾರು ಮನೆತನದವರಿಗೆ ಉಳಿಯಿತು. ಆದರೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭಕ್ಕೆ ಕಟ್ಟಿದ, ತಲಕಾಡು ಮರಳಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ಅಲಮೇಲಮ್ಮನ ಶಾಪದ ಕಥೆ ಮಾತ್ರ ಮಾಸಲಿಲ್ಲ. ತಲಕಾಡಿನ ಮರಳಿಗೆ ಕಾವೇರಿಯ ತಿರುವು, ಗಾಳಿ, ಹಳೆಯ ಅಣೆಕಟ್ಟು ಎಂದು ವಿದ್ವಾಂಸರು ಕಾರಣ ಕೊಟ್ಟರೂ ಜನ ಕಥೆಯನ್ನು ಬಿಡಲಿಲ್ಲ. ಇಲ್ಲೂ ಎಣಿಕೆಯ ಹೊಂದಾಣಿಕೆ ನಡೆದಿದೆ: ಮಕ್ಕಳಾದ ಒಡೆಯರೂ ಇರುವುದರಿಂದ ಶಾಪ ತಲೆಮಾರು ಬಿಟ್ಟು ತಲೆಮಾರಿಗೆ ತಟ್ಟುತ್ತದೆ ಎಂಬ ಪಾಠ ಚಾಲ್ತಿಗೆ ಬಂತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, 2015ರಲ್ಲಿ ಯದುವೀರರ ದತ್ತು ಸ್ವೀಕಾರವಾದಾಗ, 2017ರ ಡಿಸೆಂಬರ್‌ನಲ್ಲಿ ಅವರಿಗೆ ಮಗ ಹುಟ್ಟಿದಾಗ ಪತ್ರಿಕೆ ಟಿವಿಗಳು ಶಾಪವನ್ನು ಹೊಸದಾಗಿ ವಿವರಿಸಿದವು. ನೇಪಾಳದ ಶಾಪ ಗದ್ದುಗೆಯ ಆಯಸ್ಸಿನ ಮೇಲಿತ್ತು, ಗದ್ದುಗೆಯೊಂದಿಗೆ ತೀರಿತು. ಮೈಸೂರಿನದು ಸಂತಾನದ ಮೇಲಿತ್ತು. ಪದವಿ ಹೋದರೂ ಮನೆತನ ಇರುವುದರಿಂದ ಅದಕ್ಕೆ ಇನ್ನೂ ಕೆಲಸವಿತ್ತು.

ಇಂದಿನ ಸ್ಥಿತಿ

ನಾರಾಯಣಹಿಟಿ 2009ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯ. ಕೊಲೆ ನಡೆದ ತ್ರಿಭುವನ ಸದನವನ್ನು ಆ ಮೊದಲೇ ಕೆಡವಲಾಗಿತ್ತು. ಟಿಕೆಟ್ ಪಡೆದು ಬಂದವರು ಆ ಜಾಗದಲ್ಲಿ ನಿಂತು ಯಾರು ಎಲ್ಲಿ ಬಿದ್ದರೆಂದು ಮಾತಾಡಿಕೊಳ್ಳುತ್ತಾರೆ. ದೀಪೇಂದ್ರನೇ ಕೊಂದನೆಂಬುದನ್ನು ನಂಬದವರು ಬಹಳ. ರಾಜಕಥೆಗಳಲ್ಲಿ ಅತ್ಯಂತ ಜೀವಂತವಾಗಿರುವುದು ದೇವರಾಗಲಿ ಸಾಧುವಾಗಲಿ ಇಲ್ಲದ ಈ ಸಂಚಿನ ಕಥೆ.

ಪೃಥ್ವೀನಾರಾಯಣನ ಹುಟ್ಟುಹಬ್ಬದ ರಜೆಯನ್ನು ಗಣರಾಜ್ಯದ ಸರ್ಕಾರಗಳು ಕೈಬಿಟ್ಟಿದ್ದವು. 2023ರ ಜನವರಿಯಲ್ಲಿ ಅದನ್ನು ಮತ್ತೆ ಘೋಷಿಸಿದ್ದು ಅರಸೊತ್ತಿಗೆಯ ವಿರುದ್ಧ ಶಸ್ತ್ರ ಹಿಡಿದು ಹೋರಾಡಿದ್ದ ಪ್ರಚಂಡರ ಸರ್ಕಾರ. ಅರಸೊತ್ತಿಗೆ ಬೇಕೆನ್ನುವ ರಾಷ್ಟ್ರೀಯ ಪ್ರಜಾತಂತ್ರ ಪಕ್ಷ 2022ರ ಚುನಾವಣೆಯಲ್ಲಿ 14 ಸ್ಥಾನ ಗೆದ್ದಿತ್ತು, ಸರ್ಕಾರದ ಜೊತೆಗೂ ಇತ್ತು. 2025ರ ಮಾರ್ಚ್ 9ರಂದು ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಜ್ಞಾನೇಂದ್ರರನ್ನು ಸಾವಿರಾರು ಜನ ಸ್ವಾಗತಿಸಿದರು. ಅದೇ ತಿಂಗಳ 28ರಂದು ಅವರ ಬೆಂಬಲಿಗರ ಪ್ರದರ್ಶನ ಹಿಂಸೆಗೆ ತಿರುಗಿ ಇಬ್ಬರು ಸತ್ತರು. ಈ ಪಕ್ಷದ ಬೇಡಿಕೆ ಸಾಂವಿಧಾನಿಕ ಅರಸೊತ್ತಿಗೆ ಮತ್ತು ಹಿಂದೂ ರಾಷ್ಟ್ರ. ಭ್ರಷ್ಟಾಚಾರ, ನಿರುದ್ಯೋಗ, ಪದೇ ಪದೇ ಬೀಳುವ ಸರ್ಕಾರಗಳು ಅದರ ಭಾಷಣದ ವಸ್ತು. ಕಟ್ಟೋ ಊಟವಾಗಲಿ ಬುಢಾನೀಲಕಂಠದ ನಿಷೇಧವಾಗಲಿ ಅದರ ಬೇಡಿಕೆಗಳ ಪಟ್ಟಿಯಲ್ಲಿಲ್ಲ.